ತಮ್ಮನ ಎದೆಯ ಚೀಟಿ

ಕ್ಷಯದಿಂದ ಎದ್ದವರು ಸಾಮಾನ್ಯವಾಗಿ ಭಯದ ಬಗ್ಗೆ ಬರೆಯುತ್ತಾರೆ. ನನಗೂ ಭಯವಾಗಿತ್ತು. ಆದರೆ ಭಯಕ್ಕಿಂತ ಹೆಚ್ಚು ಕಾಡಿದ್ದು ಹೊಟ್ಟೆಕಿಚ್ಚು. ಚಾಳಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬರುವವನ ಕಾಲಿನ ಸಪ್ಪಳ ಕೇಳಿದರೆ ಹೊಟ್ಟೆಕಿಚ್ಚು. ಪಕ್ಕದ ಖೋಲಿಯಲ್ಲಿ ಯಾರಾದರೂ ಜೋರಾಗಿ ಸೀನಿ ನಿಶ್ಚಿಂತೆಯಿಂದ ಮೂಗು ಒರೆಸಿಕೊಂಡರೆ ಹೊಟ್ಟೆಕಿಚ್ಚು. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ನಾನೊಬ್ಬನೇ ಇಷ್ಟು ಕೆಟ್ಟವನು ಎಂದುಕೊಂಡು ಅಷ್ಟು ತಿಂಗಳು ಮಲಗುತ್ತಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನೆನಪನ್ನು ನಾನು ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪರವಾಗಿಯೇ ವಕೀಲಿ ಮಾಡುತ್ತದೆ. ಹಾಗಾಗಿ ಆ ದಿನಗಳ ಡೈರಿಯನ್ನು ಎದುರಿಗೆ ಇಟ್ಟುಕೊಂಡಿದ್ದೇನೆ. ಡೈರಿಯೂ ಪೂರ್ತಿ ಸಾಚಾ ಅಲ್ಲ, ಆದರೆ ಅದರೊಳಗೆ ಕೆಲವು ಕಾಗದದ ಚೂರುಗಳಿವೆ. ಅವು ಸುಳ್ಳು ಹೇಳುವುದಿಲ್ಲ.

ನಮ್ಮ ಧಾರವಾಡ ಮೈಸೂರಿಗೆ ಸೇರುವ ಮುಂಚಿನ ವರ್ಷ ಅದು. ಮುಂಬಯಿಯ ಪರೇಲಿನ ಒಂದು ಚಾಳಿನ ಮೂರನೇ ಮಾಳಿಗೆಯಲ್ಲಿ ನಾವು ಮೂವರು ಒಂದೇ ಖೋಲಿಯಲ್ಲಿದ್ದೆವು: ಅವ್ವ, ನಾನು, ಚಿಕ್ಕಪ್ಪನ ಮಗ ಬಸು. ನಾನು ಬಿ.ಎ. ಮುಗಿಸಿ ಗಿರಣಿಯೊಂದರ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ನನಗಿಂತ ಮೂರು ವರ್ಷ ಚಿಕ್ಕವನಾದ ಬಸು ಕನ್ನಡ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅದೇ ಗಿರಣಿಯಲ್ಲಿ ಮಗ್ಗದ ಮುಂದೆ ನಿಲ್ಲುತ್ತಿದ್ದ. ಬೆಳಿಗ್ಗೆ ಚಾಳಿನ ಹಿಂದಿನ ಓಣಿಯ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಕುಸ್ತಿಯ ಸಾಮು ಮಾಡಿ, ಮೈತುಂಬ ಕೆಮ್ಮಣ್ಣು ಬಳಿದುಕೊಂಡೇ ಮನೆಗೆ ಬರುತ್ತಿದ್ದ. ಅವ್ವ ಅವನ ತಟ್ಟೆಗೆ ತುಪ್ಪ ಹಾಕುವಾಗ ಚಮಚ ಸ್ವಲ್ಪ ಹೊತ್ತು ಹೆಚ್ಚೇ ಬಾಗುತ್ತಿತ್ತು. ಇದು ನಿಜವೋ, ನನಗೆ ಹಾಗೆ ಕಂಡದ್ದೋ, ಗೊತ್ತಿಲ್ಲ. ಆದರೆ ಆ ಚಮಚವನ್ನು ನಾನು ದಿನಾಲೂ ನೋಡುತ್ತಿದ್ದೆ.

ಆ ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬಂದರು. ಬಸು ಆಗಷ್ಟೇ ಸ್ನಾನ ಮಾಡಿ ಬಾಗಿಲಲ್ಲಿ ನಿಂತು ತಲೆ ಒರೆಸಿಕೊಳ್ಳುತ್ತಿದ್ದ. ಹುಡುಗಿಯ ತಂದೆ ಕುಳಿತವರೇ ಅವನನ್ನು ಮೇಲಿಂದ ಕೆಳಗೆ ನೋಡಿ, ಸಂತೋಷದಿಂದ, "ಎಲ್ಲಿತನಕ ಓದೀರಿ?" ಎಂದರು.

"ನಾಲ್ಕನೇತ್ತೆರೀ," ಎಂದ ಬಸು.

ಅವ್ವ ಗಾಬರಿಯಾಗಿ, "ಇವ ಅಲ್ರೀ ಹುಡುಗ, ಅವ ಅವ," ಎಂದು ಮೂಲೆಯಲ್ಲಿದ್ದ ನನ್ನನ್ನು ತೋರಿಸಿದಳು.

ಅವರು ನನ್ನ ಕಡೆ ತಿರುಗಿ "ಹೌದೇನ್ರಿ" ಎಂದರು. ಅಷ್ಟೇ. ಆ ಒಂದು ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಡೈರಿಯಲ್ಲಿ ಆ ದಿನ ನಾನು ಬರೆದದ್ದು: "ಮಳೆ. ಹುಬ್ಬಳ್ಳಿಯವರು ಬಂದು ಹೋದರು." ಮುಂದಿನ ಸೋಮವಾರದ ಸಾಲು: "ತಾಲೀಮಿಗೆ ಸೇರಿದೆ."

ತಾಲೀಮಿನ ವಸ್ತಾದರು ಬೆಳಗಾವಿ ಕಡೆಯವರು. ಕಿವಿಗಳೆರಡೂ ಕುಸ್ತಿಯಲ್ಲಿ ಜಜ್ಜಿ ಹೋಗಿ ಒಣ ಅಂಜೂರದಂತಾಗಿದ್ದವು. ಹೊಸಬರನ್ನು ಸೇರಿಸಿಕೊಳ್ಳಲು ಅವರದೇ ಒಂದು ಪದ್ಧತಿ ಇತ್ತು. ಅಖಾಡದ ಅಂಚಿಗೆ ಕೂರಿಸಿ, ಬಲಗೈಯ ಮುಷ್ಟಿಯಲ್ಲಿ ಮಣ್ಣು ಹಿಡಿಸಿ, ಎಲ್ಲರ ಎದುರಿಗೆ "ಯಾಕ ಬಂದಿ?" ಎಂದು ಕೇಳುತ್ತಿದ್ದರು. ಉತ್ತರ ಹೇಳಿ ಆ ಮಣ್ಣನ್ನು ಅಖಾಡಕ್ಕೆ ಹಾಕಬೇಕು. ಮಣ್ಣು ಹಿಡಿದು ಸುಳ್ಳಾಡಬಾರದು ಎನ್ನುವುದು ಅಲ್ಲಿಯ ನಂಬಿಕೆ. ವಿಜಾಪುರದವನೊಬ್ಬ ಕುಡಿತ ಬಿಡಲು ಬಂದಿದ್ದನಂತೆ. ಬಸು ಸೇರಿದ ದಿನ "ಇಲ್ಲಿ ಹಾಲು ಕೊಡ್ತಾರಂತ್ರಿ" ಎಂದು ಹೇಳಿ ಎಲ್ಲರನ್ನೂ ನಗಿಸಿದ್ದನಂತೆ.

ನಾನು ಹೋದ ದಿನ ನನ್ನ ಜೊತೆ ಇನ್ನೊಬ್ಬ ಹೊಸಬನಿದ್ದ, ಗಿರಣಿಯ ಕೂಲಿ.

"ಮುಕಾದಮ ಕಪಾಳಕ್ಕ ಹೊಡದಾನ್ರಿ, ಎಲ್ಲಾರ ಮುಂದ. ಅದಕ್ಕ ಬಂದೀನಿ," ಎಂದ ಅವನು.

"ತಿರುಗಿ ಹೊಡ್ಯಾಕ?"

"ಇಲ್ರಿ. ಇನ್ನೊಮ್ಮಿ ಕೈ ಎತ್ತಿದ್ರ, ಕೈ ಹಿಡ್ಯಾಕ."

ವಸ್ತಾದರು "ಶಾಬಾಸ್" ಎಂದು ಅವನ ಬೆನ್ನು ತಟ್ಟಿದರು. ನನ್ನ ಸರದಿ ಬಂತು. ಮಣ್ಣು ತಣ್ಣಗಿತ್ತು, ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆಹಣ್ಣುಗಳ ವಾಸನೆ. ಆಚೆ ಬದಿಯಲ್ಲಿ ಬಸು ಹೆಮ್ಮೆಯಿಂದ ನಿಂತಿದ್ದ, ಅಣ್ಣ ಬಂದನಲ್ಲ ಎಂದು.

"ಆರೋಗ್ಯಕ್ಕೆ," ಎಂದೆ.

"ಆರೋಗ್ಯಕ್ಕ ಬಂದಾವ್ರು ಎರಡನೇ ವಾರ ನಿಲ್ಲಂಗಿಲ್ಲ, ಬಿ.ಎ. ಸಾಹೇಬ್ರ," ಎಂದು ನಕ್ಕರು ವಸ್ತಾದರು. "ಹಾಕ್ರಿ ಮಣ್ಣು."

ನಾನು ನಾಲ್ಕು ತಿಂಗಳು ನಿಂತೆ. ಆರೋಗ್ಯಕ್ಕೆ ಬಂದವನು ನಿಲ್ಲಲಿಕ್ಕಿಲ್ಲ. ಬಸು ಇನ್ನೂರು ಬಸ್ಕಿ ಹೊಡೆದರೆ ನಾನು ಇನ್ನೂರ ಹತ್ತು ಹೊಡೆಯಬೇಕು ಎಂದು ಬಂದವನು ನಿಲ್ಲುತ್ತಾನೆ. ಪರೇಲ್ ಸ್ಟೇಷನ್ನಿನಲ್ಲಿ ತೂಕದ ಯಂತ್ರವೊಂದಿತ್ತು. ಆಣೆ ಹಾಕಿದರೆ ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ ಅಚ್ಚಾದ ಚಿಕ್ಕ ರಟ್ಟು ಬೀಳುತ್ತಿತ್ತು. ಪ್ರತಿ ಶನಿವಾರದ ರಟ್ಟೂ ಡೈರಿಯಲ್ಲಿದೆ. ತೂಕ ವಾರ ವಾರಕ್ಕೂ ಇಳಿದಿದೆ. ಪಕ್ಕದಲ್ಲಿ ನನ್ನ ಅಕ್ಷರ: "ಕೊಬ್ಬು ಕರಗುತ್ತಿದೆ." ನನ್ನಲ್ಲಿ ಕರಗಲು ಕೊಬ್ಬೆಲ್ಲಿತ್ತು? ಸಂಜೆ ಮೈ ಬೆಚ್ಚಗಾದರೆ ಸಾಮಿನ ಕಾವು ಎಂದುಕೊಂಡೆ. ಕೆಮ್ಮು ಬಂದರೆ ಅಖಾಡದ ಧೂಳು. ವಸ್ತಾದರೂ ಹಾಗೇ ತಿಳಿದು, ಅಖಾಡದ ಮಣ್ಣನ್ನೇ ತುಪ್ಪದಲ್ಲಿ ಕಲಸಿ ನನ್ನ ಎದೆಗೆ ತಿಕ್ಕಿದರು. ಅವರು ಎಲ್ಲ ಕೆಮ್ಮಿಗೂ ಮಾಡುತ್ತಿದ್ದ ಮದ್ದು ಅದು. ಹಿತವಾಗಿತ್ತು.

ಒಂದು ದಿನ ಬಸುವಿನ ಜೊತೆ ಜೋಡಿ ಹಿಡಿದಾಗ ಅವನ ಮೊಣಕೈ ನನ್ನ ಎದೆಗೆ ತಾಗಿ ಕೆಮ್ಮು ಒತ್ತರಿಸಿ ಬಂತು. ಬಾಯಿಂದ ಬಿದ್ದದ್ದು ಕೆಂಪಗಿತ್ತು. ಕೆಮ್ಮಣ್ಣಿನಲ್ಲಿ ಅದು ಬೇರೆಯವರಿಗೆ ಕಾಣಲಿಲ್ಲ. ನಾನು ಕಾಲಿನಿಂದ ಮಣ್ಣು ಎಳೆದು ಮುಚ್ಚಿದೆ.

"ಏನಾತಣ್ಣಾ?"

"ಏನಿಲ್ಲ. ಹಿಡಿ."

ಆಮೇಲೂ ಹನ್ನೊಂದು ದಿನ ತಾಲೀಮಿಗೆ ಹೋದೆ. ಇದು ನೆನಪಿನ ಲೆಕ್ಕವಲ್ಲ. ಡೈರಿಯಲ್ಲಿ ಹನ್ನೊಂದು ದಿನದ ಬಸ್ಕಿಗಳ ಸಂಖ್ಯೆ ಇದೆ.

ಹನ್ನೆರಡನೆಯ ದಿನ ಆಫೀಸಿನ ಮೆಟ್ಟಿಲ ಮೇಲೆ ಕುಸಿದೆ. ಸಹೋದ್ಯೋಗಿಗಳು ಆಸ್ಪತ್ರೆಗೆ ಒಯ್ದರು. ಎಕ್ಸ್-ರೇ ಆಯಿತು. ಡಾಕ್ಟರು ಪ್ಲೇಟನ್ನು ಬೆಳಕಿಗೆ ಹಿಡಿದು, ನನ್ನನ್ನು ನೋಡದೆ, "ಮನೆಯಲ್ಲಿ ಯಾರು ಯಾರಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ತಿಳಿಯಿತು.

ಅವ್ವ ಸುದ್ದಿ ಕೇಳಿ ಅಳಲಿಲ್ಲ. ನನ್ನ ತಟ್ಟೆ, ಲೋಟ, ಚಮಚಗಳನ್ನು ಬೇರೆ ಮಾಡಿ ಕಿಟಕಿಯ ಕೆಳಗಿಟ್ಟಳು. ಅದೇ ತುಪ್ಪದ ಚಮಚ. ಈಗ ಅದು ನನ್ನೊಬ್ಬನದಾಯಿತು.

ಒಂದು ದಿನ ಬಿಟ್ಟು ಒಂದು ದಿನ ಸೂಜಿ. ಆಸ್ಪತ್ರೆಯ ವರಾಂಡದ ಬೆಂಚುಗಳಲ್ಲಿ ನಾವೆಲ್ಲ ಎದೆಯ ಪ್ಲೇಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆವು. ಅಲ್ಲಿಯೂ ಮೇಲು ಕೀಳು ಇತ್ತು. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದ ಉಡುಪಿಯ ಭಟ್ಟರೊಬ್ಬರು ಮೊದಲ ದಿನವೇ ನನ್ನನ್ನು ಕೇಳಿದರು:

"ನಿಮ್ಮದು ಒಂದೇ ಸೈಡಾ?"

"ಹೌದು, ಬಲಗಡೆ."

"ಅದೃಷ್ಟ ಮಾರಾಯ್ರೆ. ನನ್ನದು ಎರಡೂ ಉಂಟು. ಆ ಮೂಲೆಯಲ್ಲಿ ಕೂತಿದ್ದಾರಲ್ಲ, ಅವರಿಗೆ ಬರೇ ನೆರಳಂತೆ. ಬರೇ ನೆರಳು! ಆದ್ರೂ ಮೋರೆ ನೋಡಿ, ಮಾವ ಸತ್ತ ಹಾಗೆ."

ಭಟ್ಟರು ನನ್ನನ್ನು ಕಂಡು ಕರುಬಿದರು, ನಾನು ನೆರಳಿನವನನ್ನು ಕಂಡು ಕರುಬಿದೆ. ನೆರಳಿನವನು ವರಾಂಡದ ಆಚೆ ಕಡಲೆಕಾಯಿ ಮಾರುವವನನ್ನೇ ದಿಟ್ಟಿಸುತ್ತಿದ್ದ. ಆ ಕಾಯುವಿಕೆಯಲ್ಲಿ ಭಟ್ಟರ ಮಾತುಗಳೇ ನನಗೆ ಔಷಧಿ. ಆರು ವಾರಗಳ ನಂತರ ಅವರು ಬರಲಿಲ್ಲ. ಊರಿಗೆ ಹೋದರು ಎಂದು ಕಾಂಪೌಂಡರ್ ಹೇಳಿದ. ನಂಬಿದೆ.

ಸೂಜಿಯ ದೆಸೆಯಿಂದ ಕಿವಿಯಲ್ಲಿ ಸದಾ ಗುಂಯ್ ಎನ್ನುತ್ತಿತ್ತು, ಗಿರಣಿಯ ಭೋಂಗಾ ಊದಿ ನಿಲ್ಲಿಸಲು ಮರೆತಂತೆ. ಔಷಧದ ಪುಡಿ ನುಂಗಿದರೆ ವಾಂತಿ. ಮಲಗಿದಲ್ಲಿಂದ ನನಗೆ ಕಾಣುತ್ತಿದ್ದುದು ಒಂದೇ: ಗೂಟಕ್ಕೆ ತೂಗುಹಾಕಿದ್ದ ಬಸುವಿನ ಲಂಗೋಟಿ.

ನಾನು ಹಾಸಿಗೆ ಹಿಡಿದ ಎರಡನೆಯ ವಾರ ಬಸು ಹೇಳಿದ: "ವಸ್ತಾದ್ರು ಅಖಾಡದ ಮಣ್ಣ ತಗದ್ರಣ್ಣಾ. ಪೂರಾ."

ಅಖಾಡದ ಮಣ್ಣನ್ನು ಯಾರೂ ತೆಗೆಯುವುದಿಲ್ಲ. ವರ್ಷಗಟ್ಟಲೆ ಎಣ್ಣೆ ಮಜ್ಜಿಗೆ ಕುಡಿಸಿ ಹದ ಮಾಡಿದ ಮಣ್ಣು. ಅದರ ಮೇಲೆ ಚಪ್ಪಲಿ ಇಡುವುದಿಲ್ಲ, ನಮಸ್ಕರಿಸದೆ ಇಳಿಯುವುದಿಲ್ಲ.

"ಯಾಕಂತ ಕೇಳಿದ್ರೇನು ಮಂದಿ?"

"ಮಣ್ಣು ಹಳಸೇತಿ ಅಂದ್ರು. ನಿನ್ನ ಹೆಸರ ತಗೀಲಿಲ್ಲ."

ಮರುದಿನ ವಸ್ತಾದರು ಮೂರು ಮಾಳಿಗೆ ಹತ್ತಿ ಬಂದರು. ಹೊಸ್ತಿಲಲ್ಲಿ ನಿಲ್ಲದೆ ಒಳಗೆ ಬಂದು ನನ್ನ ಹಾಸಿಗೆಯ ಪಕ್ಕದಲ್ಲೇ ಕುಳಿತರು. ನಾನು ರಕ್ತ ಮುಚ್ಚಿದ್ದನ್ನು ಹೇಳಿದೆ. ತಮ್ಮ ಅಂಜೂರದ ಕಿವಿಯನ್ನು ತಿಕ್ಕುತ್ತ, "ನಾನೂ ಎದಿಗೆ ಮಣ್ಣ ತಿಕ್ಕಿದೆ. ದವಾಖಾನಿಗೆ ಹೋಗು ಅನ್ನಲಿಲ್ಲ," ಎಂದರು. ಎದ್ದು ಹೋಗುವಾಗ ಬಸುವಿಗೆ ಹೇಳಿದರು: "ನೀನೂ ಎದಿ ಫೋಟೋ ತಗಸು. ಅಣ್ಣ ಅದರ ಇಂಗ್ಲಿಷ್ ಚೀಟಿ ಓದಿ 'ಏನೂ ಇಲ್ಲ' ಅಂದ ಮ್ಯಾಗ ಅಖಾಡಕ್ಕ ಇಳಿ. ಅಲ್ಲೀತನಕ ಬ್ಯಾಡ."

ಭಾಂಡುಪಿನ ಮೈದಾನದಲ್ಲಿ ಬರುವ ರವಿವಾರ ದೊಡ್ಡ ಕುಸ್ತಿಗಳಿದ್ದವು. ಬಸುವಿನ ಹೆಸರು ಮೊದಲ ಬಾರಿ ದೊಡ್ಡ ಜೋಡಿಯಲ್ಲಿ ಬಂದಿತ್ತು. ಎರಡು ವರ್ಷದ ಸಾಮು ಅದಕ್ಕಾಗಿಯೇ. ಅವ್ವ ಮತ್ತು ಬಸು ಸೋಮವಾರ ಫೋಟೋ ತೆಗೆಸಿಕೊಂಡರು. ಅವ್ವನದು ಬುಧವಾರ ಬಂತು, ಏನೂ ಇರಲಿಲ್ಲ. ಬಸುವಿನದು ಬರಲಿಲ್ಲ.

ಗುರುವಾರ ಚಹಾ ಕುಡಿಯುವಾಗ ಬಸು ಕೆಮ್ಮಿದ. ಚಹಾ ನೆತ್ತಿಗೇರಿತ್ತು, ಅಷ್ಟೇ. ಅವ್ವ ಬೆಚ್ಚಿ ಅವನ ತಲೆ ತಟ್ಟಿದಳು. ಆ ದಿನದ ಡೈರಿಯಲ್ಲಿ ಒಂದು ಸಾಲು ಬರೆದು, ಅದನ್ನು ಕಾಗದ ಹರಿಯುವಷ್ಟು ಗೀಚಿದ್ದೇನೆ. ಅವನಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡಿದ್ದೆ ಎನ್ನುತ್ತದೆ ನೆನಪು. ಆದರೆ ಪ್ರಾರ್ಥನೆಯನ್ನು ಯಾರೂ ಹಾಗೆ ಗೀಚಿ ಹಾಕುವುದಿಲ್ಲ.

ಶನಿವಾರ ಪಾಳಿ ಮುಗಿಸಿ ಬಸು ಆಸ್ಪತ್ರೆಯ ಕಿಟಕಿಯಿಂದ ಚೀಟಿ ತಂದ. ಡಾಕ್ಟರು ಎದ್ದು ಹೋಗಿದ್ದರು, ಇನ್ನು ಸೋಮವಾರವೇ. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಕುಳಿತ.

"ಓದಣ್ಣಾ."

ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. ನಾನು ಓದಿದೆ. ಮತ್ತೊಮ್ಮೆ ಓದಿದೆ. ನಂತರ ಹೇಳಿದೆ:

"ಅಕ್ಷರ ಸರಿಯಿಲ್ಲ. ಗೊತ್ತಾಗೂದಿಲ್ಲ. ಸೋಮವಾರ ಡಾಕ್ಟರನ್ನೇ ಕೇಳ್ತೀನಿ."

"ಏನರ ಐತೇನಣ್ಣಾ?"

"ಗೊತ್ತಾಗೂದಿಲ್ಲ ಅಂದೆನಲ್ಲ."

ಬಸು ಎದ್ದ. "ಚೀಟಿ ಕೊಡು, ಜ್ವಾಕ್ಯಾಗಿ ಇಡ್ತೀನಿ," ಎಂದು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋದ. ರವಿವಾರ ಅವನು ಭಾಂಡುಪಿಗೆ ಹೋಗಲಿಲ್ಲ. ದಿನವಿಡೀ ಚಾಳಿನ ಗ್ಯಾಲರಿಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ. ಅವ್ವ ಊಟಕ್ಕೆ ಕರೆದಾಗ, "ನಂದೂ ತಾಟು ಬ್ಯಾರೆ ಮಾಡು ದೊಡ್ಡವ್ವಾ, ಯಾಕ ಬೇಕು," ಎಂದ. ಆ ದಿನ ಮೊದಲ ಬಾರಿ ಖೋಲಿಯಲ್ಲಿ ನಮ್ಮಿಬ್ಬರ ತಟ್ಟೆಗಳೂ ಕಿಟಕಿಯ ಕೆಳಗಿದ್ದವು. ನನಗೆ ಹೊಟ್ಟೆ ತುಂಬ ಊಟ ಹೋಯಿತು. ಇದನ್ನು ಡೈರಿಯೂ ಹೇಳುತ್ತದೆ: "ಇಂದು ವಾಂತಿಯಿಲ್ಲ. ಊಟ ಸೇರಿತು."

ಸೋಮವಾರ ಸೂಜಿಗೆ ಹೋದೆ. ಡಾಕ್ಟರನ್ನು ಏನೂ ಕೇಳಲಿಲ್ಲ. ಮನೆಗೆ ಬಂದು, "ಏನೂ ಇಲ್ಲಂತ ನಿಂಗ," ಎಂದೆ. ಬಸು ಅವ್ವನನ್ನು ಸೊಂಟ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿದ. "ಇಳಸೋ ಮಂಗ್ಯಾ!" ಎಂದು ಅವ್ವ ಕೂಗುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಹದಿನಾಲ್ಕು ತಿಂಗಳಾದ ಮೇಲೆ ಡಾಕ್ಟರು ಪ್ಲೇಟು ನೋಡಿ, ಇನ್ನು ಆಸ್ಪತ್ರೆಗಷ್ಟೇ ಅಲ್ಲ, ಎಲ್ಲಿಗೆ ಬೇಕಾದರೂ ನಡೆದಾಡಬಹುದು ಎಂದರು. ಮೊದಲ ನಡಿಗೆಗೆ ಬಸು ನನ್ನನ್ನು ತಾಲೀಮಿಗೇ ಕರೆದುಕೊಂಡು ಹೋದ. ನನ್ನ ಹೆಜ್ಜೆಗೆ ಹೆಜ್ಜೆ ಸೇರಿಸಿ, ಆನೆ ಆಡಿನ ಜೊತೆ ನಡೆದ ಹಾಗೆ ನಡೆದ. ವಸ್ತಾದರು ನನ್ನನ್ನು ಹೊಸ ಮಣ್ಣಿನ ಅಂಚಿಗೆ ಕೂರಿಸಿ ನಗುತ್ತ ಮುಷ್ಟಿಗೆ ಮಣ್ಣು ಕೊಟ್ಟರು.

"ಈಗ ಹೇಳ್ರಿ, ಬಿ.ಎ. ಸಾಹೇಬ್ರ. ಆಗ ಯಾಕ ಬಂದಿದ್ರಿ?"

"ಇವನ ಮೈ ನೋಡಿ ಸಹಿಸಲಾರದಕ್ಕ," ಎಂದೆ, ಬಸುವನ್ನು ತೋರಿಸಿ.

ತಾಲೀಮಿಗೆ ತಾಲೀಮೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಸು. ಮಣ್ಣು ಹಾಕಿ ಕೈ ಝಾಡಿಸಿದೆ. ಮುಗಿಯಿತು, ಹಗುರಾದೆ ಎಂದುಕೊಂಡೆ.

ವಾಪಸು ಬರುವಾಗ ಮೂಲೆಯ ಶೆಟ್ಟರ ಹೋಟೆಲಿನ ಮುಂದೆ ಬಸು ನಿಂತು ನಕ್ಕ. "ಒಂದ ಮಾತು ಹೇಳಿಲ್ಲ ನಿಂಗ. ಆ ಶನಿವಾರ ನಾ ಈ ಶೆಟ್ಟರ ಕಡೆ ಚೀಟಿ ಓದಿಸಿದ್ನಿ."

ನಾನೂ ನಿಂತೆ. "ಏನಂದ್ರು?"

"'ಎಂಥದ್ದೂ ಇಲ್ಲ ಮಾರಾಯಾ, ಎದೆ ಕ್ಲಿಯರ್ ಉಂಟು' ಅಂದ್ರು."

"ಮತ್ತ ಕುಸ್ತಿಗೆ ಯಾಕ ಹೋಗಲಿಲ್ಲ?"

ಬಸು ನನ್ನನ್ನು ವಿಚಿತ್ರವಾಗಿ ನೋಡಿದ, ಇಷ್ಟೂ ತಿಳಿಯುವುದಿಲ್ಲವೇ ಎನ್ನುವಂತೆ. "ಶೆಟ್ಟರದು ಹೋಟೆಲ್ ಇಂಗ್ಲಿಷು. ನೀ ಬಿ.ಎ. ಓದಿದಾವ. ನಿನಗ ತಿಳೀದ್ದು ಅವರಿಗೇನು ತಿಳೀತೈತಿ? ಅದರಾಗ ಏನೋ ಕಂಡೈತಿ, ಹೇಳಾಕ ಅಣ್ಣನ ಬಾಯಿ ಬರವೊಲ್ದು, ಅಂದ್ಕೊಂಡ್ನಿ. ಎರಡು ದಿನ ಸತ್ತ ಬದುಕಿದ್ನಿ ನೋಡು."

ಲೋಕಲ್ ರೈಲು ಹೊರಟ ಸದ್ದು ಕೇಳುತ್ತಿತ್ತು. ನನ್ನ ಕೈಯಲ್ಲಿ ಮಣ್ಣಿರಲಿಲ್ಲ. ಸುಳ್ಳು ಹೇಳಬಹುದಿತ್ತು, ಹೇಳುವುದೂ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಹೇಳಿದ್ದು ಪಶ್ಚಾತ್ತಾಪದಿಂದಲೋ, ಅಷ್ಟು ನಂಬಿಕೆಯನ್ನು ಹೊರಲಾರದೆಯೋ, ಇವತ್ತಿಗೂ ನಿರ್ಧರಿಸಲಾರೆ.

"ಅಕ್ಷರ ಚಲೋ ಇದ್ವು ಬಸು. ನನಗ ಓದಾಕ ಬಂದಿತ್ತು."

ಬಸು ಕೇಳಿದ: "ಎಷ್ಟು ಶಬ್ದ ಇದ್ವು?"

"ಮೂರು."

ತಲೆಯಾಡಿಸಿದ. ನಂತರ ನಡೆದ, ತನ್ನದೇ ಹೆಜ್ಜೆಯಲ್ಲಿ. ಹದಿನಾಲ್ಕು ತಿಂಗಳಲ್ಲಿ ಅವನು ನನ್ನನ್ನು ಬಿಟ್ಟು ನಡೆದದ್ದು ಅದೇ ಮೊದಲು. ಅವನ ಬೆನ್ನು ಜನರ ನಡುವೆ ಸಣ್ಣದಾಗುತ್ತ ಹೋಯಿತು. ಎಷ್ಟು ಬೇಗ ನಡೆಯುತ್ತಾನೆ, ಎಂದುಕೊಂಡೆ. ಆಗಲೂ ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು, ಆಮೇಲೆ ಅಳು.

ಮೂರು ಮಾಳಿಗೆಯನ್ನು ಒಬ್ಬನೇ ಹತ್ತಿದೆ. ನಾಲ್ಕು ಕಡೆ ಕುಳಿತೆ. ಎರಡು ದಿನ ಬಸು ನನ್ನ ಜೊತೆ ಮಾತಾಡಲಿಲ್ಲ. ಅವ್ವ ನಮ್ಮಿಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ರೊಟ್ಟಿ ಬಡಿದಳು. ಮೂರನೆಯ ದಿನ ಪಾಳಿ ಮುಗಿಸಿ ಬಂದವನು ಕೈಕಾಲು ತೊಳೆದು, ನನ್ನ ಹಾಸಿಗೆಯ ಎದುರು ಚಕ್ಕಳಮಕ್ಕಳ ಹಾಕಿ ಕುಳಿತ. ಮಡಿಲಲ್ಲಿ ಹೊಸ ಪಾಟಿ, ಬಳಪ. ಅದರ ಮೇಲೆ ಜೇಬಿನಿಂದ ಆ ಹಳೆಯ ಚೀಟಿಯನ್ನು ತೆಗೆದಿಟ್ಟ. ಮಡಿಕೆಗಳಲ್ಲಿ ಸವೆದಿತ್ತು.

"ಇಂಗ್ಲಿಷ್ ಕಲಸು. ಇದರಿಂದನ ಸುರು ಮಾಡು."

ತಾಲೀಮಿನಲ್ಲಿ ಹೊಸಬರು ಕೂರುವಂತೆಯೇ ಕುಳಿತಿದ್ದ, ಬೆನ್ನು ನೆಟ್ಟಗೆ. ನನ್ನ ಬಾಯಿಗೆ ವಸ್ತಾದರ ಪ್ರಶ್ನೆ ಹೇಗೆ ಬಂತೋ. "ಯಾಕ?" ಎಂದೆ.

"ಹೊಡತ ಬಿದ್ದೇತಿ," ಎಂದ ಬಸು, ಬಳಪ ಹಿಡಿದು. "ಇನ್ನೊಮ್ಮಿ ಯಾರರ ಕೈ ಎತ್ತಿದ್ರ, ಹಿಡ್ಯಾಕ."

ಚೀಟಿ ಈಗ ನನ್ನ ಡೈರಿಯಲ್ಲಿದೆ. ಪಾಠ ಮುಗಿದ ಮೇಲೆ ಅವನೇ ಕೊಟ್ಟ. ಬೋತ್ ಲಂಗ್ಸ್ ಕ್ಲಿಯರ್. ಅಕ್ಷರಗಳು ದುಂಡಗೆ, ಶಾಲೆಯ ಫಲಕದ ಮೇಲೆ ಬರೆದಂತೆ ಇವೆ. ಬಸು ಅವನ್ನು ಒಂದೇ ಸಂಜೆಯಲ್ಲಿ ಕಲಿತ. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಆರು ತಿಂಗಳು ಹಿಡಿದಿತ್ತೆಂದು ನೆನಪಾಯಿತು. ಆ ಹಳೆಯ ಹೊಟ್ಟೆಕಿಚ್ಚು ಎದ್ದಿತು. ಇದ್ದರೆ ಇರಲಿ ಎಂದುಕೊಂಡು, ಪಾಟಿ ಒರೆಸಿ, ಮುಂದಿನ ಶಬ್ದ ಬರೆದುಕೊಟ್ಟೆ.